ಸುಣ್ಣದ ಗೋಡೆಗೆ ಸಿಮೆಂಟ್ ತೇಪೆ ಬೇಡ

1858ರಲ್ಲಿ ಹೈಸ್ಕೂಲಾಗಿ ಶುರುವಾದದ್ದು ಬೆಂಗಳೂರಿನ ನಮ್ಮ ಸೆಂಟ್ರಲ್ ಕಾಲೇಜು. ಗಡಿಯಾರದ ಗೋಪುರ ಎಲ್ಲರೂ ನೋಡ್ತಾರೆ, ಗೋಡೆ ಯಾರೂ ನೋಡಲ್ಲ. ಆ ಕಾಲದ ಕಟ್ಟಡಗಳದ್ದು ಸುಣ್ಣದ ಗಾರೆ. ಮಳೆಯಲ್ಲಿ ಕುಡಿದ ನೀರನ್ನು ಬಿಸಿಲಲ್ಲಿ ನಿಧಾನವಾಗಿ ಬಿಡುತ್ತೆ. ಮೇಲೆ ಸಿಮೆಂಟ್ ಮೆತ್ತಿದಿರೋ, ನೀರು ಒಳಗೇ ಉಳಿದು, ಉಪ್ಪು ಬಿಳಿ ಪುಡಿಯಾಗಿ ಉಬ್ಬಿ, ತೇಪೆ ಹಪ್ಪಳದ ಹಾಗೆ ಕಳಚುತ್ತೆ. ಹೋಗುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಹೋಗುತ್ತೆ. ಇಂಥ ಗೋಡೆಯ ತೇಪೆಗೂ ಸುಣ್ಣದ ಗಾರೆಯೇ ಬೇಕು: ವಾರಗಟ್ಟಲೆ ನೀರಲ್ಲಿ ನೆನೆದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಗೋಡೆ ತೋಯಿಸಿ, ತೆಳುವಾಗಿ ಪದರ ಪದರ ಬಳಿದು, ಒದ್ದೆ ಗೋಣಿ ಹೊದಿಸಬೇಕು. ಇದಕ್ಕೆ ಬೇಕಾದ ತಾಳ್ಮೆ ಟೆಂಡರಿನಲ್ಲಿ ಬರೆಯೋಕೆ ಬರಲ್ಲ, ಬಿಡಿ. ಇನ್ನು ಕಿಟಕಿ ಮೇಲಿನ ಸಜ್ಜೆಯ ಬಿರುಕಲ್ಲಿ ಅರಳಿ ಸಸಿ ಕಂಡರೆ ಮೇಲೆ ಮೇಲೆ ಕತ್ತರಿಸಬೇಡಿ. ಬೇರು ಉಳಿದರೆ ಮತ್ತೆ ಚಿಗುರುತ್ತೆ, ಈ ಸಲ ಇನ್ನೂ ದಪ್ಪಗೆ.