ಎರಡು ಬೆಳವಕ್ಕಿ, ನಾಲ್ಕು ಕಾಗದದ ಪಟ್ಟಿ

ಕ್ರಿಸ್‌ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ ಸಂಜೆ ಮೇಜಿನ ಮೇಲೆ ಹಳೇ ಕ್ಯಾಲೆಂಡರ್ ಹಾಳೆ, ಕತ್ತರಿ, ಸ್ಕೇಲು, ದಾರದ ಉಂಡೆ ಇಟ್ಟುಕೊಂಡು ಕೂರುತ್ತೇನೆ. ಪಕ್ಕದಲ್ಲಿ ಒಂದು ಚೀಟಿ. ಅದರಲ್ಲಿ ನಾನು ಕೈಯಾರೆ ಮಾಡಿದ ಕ್ರಿಸ್‌ಮಸ್ ಉಡುಗೊರೆ ಕೊಡಬೇಕಾದ ಗೆಳೆಯ ಗೆಳತಿಯರ ಹೆಸರು. ಈ ಸಲ ಹನ್ನೆರಡು ಹೆಸರಿವೆ. ಕ್ರಿಸ್‌ಮಸ್‌ಗೆ ಇರುವುದು ನಾಲ್ಕು ಭಾನುವಾರ.

ಮೊದಲೆಲ್ಲ ಈ ಉಡುಗೊರೆ ಕೊಡಲು ಸಂಕೋಚವಾಗುತ್ತಿತ್ತು. ಕಾಗದದ ನಕ್ಷತ್ರವನ್ನು ಕೈಗಿಡುವಾಗ ‘ಸುಮ್ನೆ ಮಾಡಿದ್ದು, ದೊಡ್ಡದೇನಲ್ಲ’ ಎಂದು ನಾನೇ ಮೊದಲು ಹೇಳಿಬಿಡುತ್ತಿದ್ದೆ. ಹಾಗೆ ಹೇಳುವ ಅಭ್ಯಾಸವನ್ನು ನನ್ನಿಂದ ಬಿಡಿಸಿದ್ದು ಬೈಬಲ್ಲಿನಲ್ಲಿ ಯೇಸುವಿನ ಕಥೆ ಹೇಳುವ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ. ಕ್ರಿಸ್‌ಮಸ್ ರಾತ್ರಿ ಓದುವ ಅಧ್ಯಾಯವೇ. ಆದರೆ ಕೂಸು ಯೇಸುವನ್ನು ನೋಡಲು ಬಂದ ಕುರುಬರು ದೇವರನ್ನು ಕೊಂಡಾಡುತ್ತಾ ಮರಳಿ ಹೋದರು ಎನ್ನುವಲ್ಲಿಗೆ ನಾನು ಯಾವಾಗಲೂ ಪುಸ್ತಕ ಮುಚ್ಚುತ್ತಿದ್ದೆ. ಒಂದು ವರ್ಷ ಮುಚ್ಚಲಿಲ್ಲ, ಮುಂದಕ್ಕೆ ಓದಿದೆ.

ಕೂಸು ಹುಟ್ಟಿದ ಮೇಲೆ ತಾಯಿಯ ಶುದ್ಧೀಕರಣದ ನಲವತ್ತು ದಿನ ಕಳೆಯುತ್ತವೆ. ಮರಿಯಮ್ಮ, ಯೋಸೇಫ ಮಗುವನ್ನು ಎತ್ತಿಕೊಂಡು ಜೆರುಸಲೇಮಿನ ದೇವಾಲಯಕ್ಕೆ ಹೋಗುತ್ತಾರೆ. ಕಾಣಿಕೆ ಕೊಡಬೇಕು. ಬೈಬಲ್ಲಿನ ಹಳೇ ಒಡಂಬಡಿಕೆಯಲ್ಲಿರುವ ಯಾಜಕಕಾಂಡದ 12ನೇ ಅಧ್ಯಾಯ ತಾಯಿಯಿಂದ ಕೇಳುವುದು ಒಂದು ಕುರಿಮರಿ, ಅದರ ಜೊತೆಗೊಂದು ಹಕ್ಕಿ. ಕುರಿಮರಿ ತರುವ ಶಕ್ತಿ ಇಲ್ಲದವಳು ಎರಡು ಬೆಳವಕ್ಕಿಯನ್ನೋ ಎರಡು ಪಾರಿವಾಳದ ಮರಿಯನ್ನೋ ತಂದರೆ ಸಾಕು. ಲೂಕ ಬರೆದಿರುವುದು ಹಕ್ಕಿಗಳ ಬಗ್ಗೆ ಮಾತ್ರ. ಕುರಿಮರಿಯ ಸುದ್ದಿಯೇ ಇಲ್ಲ.

ಆ ಸಾಲನ್ನು ಎಷ್ಟು ಸಲ ಓದಿದೆನೋ. ಲೋಕದ ರಕ್ಷಕನ ಅಮ್ಮ ದೇವರ ಮನೆಗೆ ತಂದದ್ದು ಬಡವರ ಕಾಣಿಕೆ. ಪಕ್ಕದಲ್ಲಿ ಬೇರೆ ಯಾರೋ ಕುರಿಮರಿ ಹಿಡಿದು ನಿಂತಿದ್ದಿರಬಹುದು, ಅಲ್ವಾ? ಅವಳ ಕೈಯಲ್ಲಿ ಬೆಚ್ಚಗೆ ಮಿಸುಕಾಡುವ ಎರಡು ಹಕ್ಕಿ. ರಕ್ಷಕನನ್ನು ನೋಡಲು ಕಾದಿದ್ದ ಮುದುಕ ಸಿಮೆಯೋನ ಕೂಸನ್ನು ತೋಳಿಗೆ ತೆಗೆದುಕೊಂಡಾಗ ಹಕ್ಕಿಗಳ ಕಡೆ ನೋಡಿದ ಎಂದು ಎಲ್ಲೂ ಬರೆದಿಲ್ಲ.

ಆ ವರ್ಷದಿಂದ ನಾನು ನಕ್ಷತ್ರ ಕೊಡುವಾಗ ‘ಇದು ನಿನಗೆ’ ಅಂತಷ್ಟೇ ಹೇಳುತ್ತೇನೆ.

ನಾನು ಜಾಸ್ತಿ ಮಾಡುವುದು ಫ್ರೋಬೆಲ್ ನಕ್ಷತ್ರ. ಕಿಂಡರ್‌ಗಾರ್ಟನ್ ಶುರುಮಾಡಿದ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ (1782–1852) ಅವರ ಹೆಸರು ಇದಕ್ಕಿದೆ. ಮಕ್ಕಳು ಕೈಯಾರೆ ಮಾಡುತ್ತಾ ಕಲಿಯಬೇಕು ಎಂದು ನಂಬಿದ್ದವರು ಅವರು. ಬೇಕಾದದ್ದು ಒಂದೇ ಅಳತೆಯ ನಾಲ್ಕು ಪಟ್ಟಿ. ಅಗಲ ಒಂದೂವರೆ ಸೆಂಟಿಮೀಟರ್, ಉದ್ದ 45 ಸೆಂಟಿಮೀಟರ್ ಇದ್ದರೆ ಕೈಗೆ ಸಲೀಸು. ಅಂಟು ಬೇಡ. ಪ್ರತಿ ಪಟ್ಟಿಯನ್ನೂ ಅರ್ಧಕ್ಕೆ ಮಡಚಿ, ನಾಲ್ಕನ್ನೂ ಒಂದರೊಳಗೊಂದು ತೂರಿಸಿ ಎಳೆದರೆ ನಡುವೆ ಪುಟ್ಟ ಚೌಕ ಬಿಗಿಯುತ್ತದೆ. ಅಲ್ಲಿಂದ ಎಂಟು ಚಪ್ಪಟೆ ಮೊನೆಗಳನ್ನು ಮಡಚಬೇಕು. ಆಮೇಲೆ ಪಟ್ಟಿಯನ್ನು ಸುರುಳಿಯಾಗಿ ತಿರುಗಿಸಿ ಚೌಕದ ಸಂದಿಗೆ ತೂರಿಸಿದರೆ ಮೇಲಕ್ಕೆ ಎದ್ದು ನಿಲ್ಲುವ ಮೊನೆ ಬರುತ್ತದೆ. ಒಂದು ಬದಿಗೆ ನಾಲ್ಕು, ಇನ್ನೊಂದು ಬದಿಗೆ ನಾಲ್ಕು. ಒಟ್ಟು ಹದಿನಾರು ಮೊನೆ.

ನನಗೆ ತಪ್ಪುತ್ತಿದ್ದದ್ದು ಈ ಸುರುಳಿಯಲ್ಲೇ. ಉಲ್ಟಾ ತಿರುಗಿಸಿದರೆ ತುದಿ ಸಂದಿಗೆ ಹೋಗುವುದಿಲ್ಲ. ಬಲವಂತ ಮಾಡಿದರೆ ಕಾಗದ ಹರಿಯುತ್ತದೆ. ಮೊದಲ ವರ್ಷ ಮೂರು ನಕ್ಷತ್ರ ಹರಿದವು. ಬಿಚ್ಚಿ, ತಾಳ್ಮೆಯಿಂದ ಇನ್ನೊಂದು ಕಡೆಗೆ ತಿರುಗಿಸಬೇಕು. ಕೈ ನಿಧಾನವಾದಾಗ ಮನಸ್ಸೂ ನಿಧಾನವಾಗುತ್ತದೆ. ನನಗೆ ಪ್ರಾರ್ಥನೆ ಬರುವುದೇ ಆಗ.

ನಾಲ್ಕು ಪಟ್ಟಿಗೆ ನಾಲ್ಕು ಮಾತು ಇಟ್ಟುಕೊಂಡಿದ್ದೇನೆ. ಇದು ನನ್ನದೇ ರೂಢಿ. ಚೀಟಿಯಲ್ಲಿ ಒಂದು ಹೆಸರು ನೋಡುತ್ತೇನೆ. ಮೊದಲ ಪಟ್ಟಿ ಮಡಚುವಾಗ ಅವರ ಆರೋಗ್ಯಕ್ಕೆ, ಎರಡನೆಯದಕ್ಕೆ ಅವರ ಮನೆಯವರಿಗೆ, ಮೂರನೆಯದಕ್ಕೆ ಅವರು ನನಗೆ ಹೇಳಿರುವ ಚಿಂತೆಗೆ. ನಾಲ್ಕನೆಯದು ಬೇಡಿಕೆಯಲ್ಲ, ಅವರನ್ನು ನನಗೆ ಕೊಟ್ಟದ್ದಕ್ಕೆ ವಂದನೆ. ಒಬ್ಬ ಗೆಳೆಯನ ಹೆಸರು ಬಂದಾಗ ಮೂರನೇ ಪಟ್ಟಿಯ ಹತ್ತಿರ ಕೈ ನಿಂತುಬಿಟ್ಟಿತು. ಅವನ ಚಿಂತೆ ಏನೆಂದು ನನಗೆ ಗೊತ್ತೇ ಇರಲಿಲ್ಲ. ವರ್ಷವಿಡೀ ಕೇಳಿರಲಿಲ್ಲ. ಕತ್ತರಿ ಕೆಳಗಿಟ್ಟು ಅವನಿಗೆ ಫೋನ್ ಮಾಡಿದೆ. ಆ ಸಂಜೆ ನಕ್ಷತ್ರ ಮುಗಿಯಲಿಲ್ಲ, ಮಾತು ಸಿಕ್ಕಿತು.

ಕೆಲವರಿಗೆ ಉಪ್ಪು ಹಿಟ್ಟಿನ ಗೊಂಬೆ. ಎರಡು ಅಳತೆ ಮೈದಾ, ಒಂದು ಅಳತೆ ಪುಡಿ ಉಪ್ಪು, ಒಂದು ಅಳತೆಗಿಂತ ಚೂರು ಕಡಿಮೆ ನೀರು. ಚೆನ್ನಾಗಿ ನಾದಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಬೇಕಾದ ಆಕಾರ ಕತ್ತರಿಸುವುದು. ದಾರಕ್ಕೆ ತೂತು ಹಸಿ ಇರುವಾಗಲೇ ಮಾಡಬೇಕು. ಓವನ್‌ನಲ್ಲಿ 120 ಡಿಗ್ರಿ ಸೆಲ್ಸಿಯಸ್‌ಗೆ ಎರಡು ಮೂರು ಗಂಟೆ ಒಣಗಬೇಕು. ಆತುರಕ್ಕೆ ಬಿಸಿ ಹೆಚ್ಚಿಸಿದರೆ ಉಬ್ಬುತ್ತದೆ, ಬಿರುಕು ಬಿಡುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಎರಡೂ ಬದಿಗೆ ವಾರ್ನಿಷ್ ಹಚ್ಚದಿದ್ದರೆ ಕ್ರಮೇಣ ಮೆತ್ತಗಾಗುತ್ತದೆ. ಮನೆಯಲ್ಲಿ ನಾಯಿ ಇರುವವರಿಗೆ ಮಾತ್ರ ಇದನ್ನು ಕೊಡಬೇಡಿ. ಅಷ್ಟು ಉಪ್ಪು ಅದರ ಪ್ರಾಣಕ್ಕೇ ಅಪಾಯ. ಅವರಿಗೆ ಕಾಗದದ್ದೇ ಒಳ್ಳೆಯದು.

ಹುಲ್ಲಿನ ನಕ್ಷತ್ರವೂ ಉಂಟು. ಹುಲ್ಲನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ನಡುವೆ ದಾರ ಬಿಗಿದರೆ ಆಯಿತು. ಕೂಸು ಯೇಸುವನ್ನು ಮಲಗಿಸಿದ ಗೋದಲಿಯ ನೆನಪಿಗೆ ಇದಕ್ಕಿಂತ ಹತ್ತಿರದ್ದು ನನಗೆ ಕಾಣೆ.

ಈ ವರ್ಷದ ಚೀಟಿಯಲ್ಲಿ ಕೊನೆಗೆ ಉಳಿದದ್ದು ಅಮ್ಮನನ್ನು ಕಳೆದುಕೊಂಡ ಗೆಳತಿಯ ಹೆಸರು. ಅವಳ ಮನೆಯಲ್ಲಿ ಈ ಸಲ ಕ್ರಿಸ್‌ಮಸ್ ಮರ ನಿಲ್ಲಿಸುವುದಿಲ್ಲವಂತೆ. ಬಣ್ಣ, ಮಿನುಗು ಏನೂ ಬೇಡ ಅನ್ನಿಸಿತು. ಹಿಟ್ಟಿನಲ್ಲಿ ಎರಡು ಬೆಳವಕ್ಕಿ ಮಾಡಿದೆ. ಬಿಳಿಯಾಗಿಯೇ ಬಿಟ್ಟೆ. ಎರಡನ್ನೂ ಒಂದೇ ದಾರಕ್ಕೆ ಕಟ್ಟುತ್ತೇನೆ, ಕಿಟಕಿಗೆ ತೂಗುಹಾಕಬಹುದು. ಒಂದರ ರೆಕ್ಕೆ ನಿನ್ನೆ ಸ್ವಲ್ಪ ಮುರಿಯಿತು. ಒದ್ದೆ ಹಿಟ್ಟಿನಿಂದ ಸೇರಿಸಿದ್ದೇನೆ. ಗುರುತು ಕಾಣುತ್ತದೆ. ಅದು ಒಣಗಲು ಇನ್ನೊಂದು ದಿನ ಬೇಕು. ನಾಡಿದ್ದು ಅವಳ ಮನೆಗೆ ಹೋಗುತ್ತೇನೆ.