ಭತ್ತದ ಗದ್ದೆ ನೋಡಿಕೊಂಡು ವಿಯೆಟ್ನಾಂ ಉದ್ದಕ್ಕೂ

ವಿಯೆಟ್ನಾಂಗೆ ಹೋಗೋಣ ಅಂತ ಮನೇಲಿ ಮಾತಾಗಿದ್ದು ಹೋದ ವರ್ಷವೇ. ಯಾವಾಗ, ಹೇಗೆ ಅನ್ನೋದು ತೀರ್ಮಾನ ಆಗಿದ್ದು ಮಾತ್ರ ಮೊನ್ನೆ ಭಾನುವಾರ. ಅದೂ ಅಪ್ಪ ಕೇಳಿದ ಒಂದು ಪ್ರಶ್ನೆಯಿಂದ.

ದಾವಣಗೆರೆಯಲ್ಲಿ ನನಗೆ ಗೊತ್ತಿರೋ ಎಷ್ಟೋ ಮನೆಯವರು ಈಗ ಅಲ್ಲಿಗೆ ಹೋಗಿಬಂದಿದ್ದಾರೆ. ಹೆಚ್ಚುಕಮ್ಮಿ ಎಲ್ಲರದೂ ಒಂದೇ ದಾರಿ. ಹನೋಯ್‌ನಲ್ಲಿ ಇಳಿಯೋದು, ಹಾ ಲಾಂಗ್ ಕೊಲ್ಲಿಯಲ್ಲಿ ಹಡಗು ಹತ್ತೋದು, ವಿಮಾನದಲ್ಲಿ ಡಾ ನಾಂಗ್, ಮತ್ತೆ ವಿಮಾನದಲ್ಲಿ ಹೋ ಚಿ ಮಿನ್ ಸಿಟಿ, ಅಲ್ಲಿಂದ ವಾಪಸ್. ನಮಗೆ ಟ್ರಾವೆಲ್ಸ್‌ನವರು ಬರೆದುಕೊಟ್ಟಿದ್ದೂ ಅದನ್ನೇ. ವಿದ್ಯಾನಗರದ ನಮ್ಮ ಮನೆಗೆ ಅಪ್ಪ ಹಳ್ಳಿಯಿಂದ ಬಂದಿದ್ದರು. ಆ ಹಾಳೆ ಕೈಗೆ ತಗೊಂಡು ಪೂರ್ತಿ ಓದಿದರು. "ಇದ್ರಾಗೆ ನೆಲದ ಮ್ಯಾಲೆ ಹೋಗೋದು ಎಲ್ಲೈತಿ?" ಅಂದರು. ಆಮೇಲೆ ಕೇಳಿದರು: "ನಾವು ಹೋದಾಗ ಅಲ್ಲಿ ಭತ್ತ ಯಾವ ಹಂತದಾಗ ಇರ್ತೈತಿ?"

ಅಪ್ಪನಿಗೆ ಮಲೇಬೆನ್ನೂರಿನ ಹತ್ತಿರ ಗದ್ದೆ ಇದೆ. ಭದ್ರಾ ನಾಲೆಯ ಕೊನೆ ಭಾಗ. ಅವರ ವರ್ಷ ನಡೆಯೋದೇ ನೀರಿನ ಮೇಲೆ. ಮಳೆಗಾಲದಲ್ಲಿ ಬೆಳಿಗ್ಗೆ ಪೇಪರ್ ತೆಗೆದರೆ ಮೊದಲು ನೋಡೋದು ಲಕ್ಕವಳ್ಳಿ ಡ್ಯಾಮಿನ ಮಟ್ಟ. 186 ಅಡಿಗೆ ಇನ್ನೆಷ್ಟು ಬಾಕಿ ಅಂತ. ಡ್ಯಾಮ್ ತುಂಬಿದರೆ ಬೇಸಿಗೆ ಬೆಳೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಥವರಿಗೆ ಒಂದು ದೇಶ ನೋಡೋದು ಅಂದರೆ ಅಲ್ಲಿನ ಗದ್ದೆ ನೋಡೋದು. ಅದರಲ್ಲೂ ವಿಯೆಟ್ನಾಂ ಅಕ್ಕಿ ರಫ್ತಿನಲ್ಲಿ ನಮ್ಮ ದೇಶದ ಜೊತೆ ಮುಂದಿನ ಸಾಲಿನಲ್ಲಿ ನಿಲ್ಲೋ ದೇಶ. ಅವರ ಪ್ರಶ್ನೆ ನನಗೆ ತುಂಬಾ ಸರಿ ಅನ್ನಿಸಿತು. ಟ್ರಾವೆಲ್ಸ್ ಹಾಳೆ ಮಡಚಿಟ್ಟು ಲ್ಯಾಪ್‌ಟಾಪ್ ತೆಗೆದೆ. ಅಪ್ಪ ಒಂದು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತರು.

ಮೊದಲು ಮಳೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿಲೋಮೀಟರ್ ಉದ್ದ ಇರೋ ದೇಶದಲ್ಲಿ ಎಲ್ಲ ಕಡೆ ಒಂದೇ ಹವಾಮಾನ ಇರಲ್ಲ. ದಕ್ಷಿಣದಲ್ಲಿ ಮಳೆಗಾಲ ಮೇ ತಿಂಗಳಿಂದ. ಮಧ್ಯದ ಕರಾವಳಿಯಲ್ಲಿ ಜೋರು ಮಳೆ ಅಕ್ಟೋಬರ್, ನವೆಂಬರ್‌ನಲ್ಲಿ. ಚಂಡಮಾರುತ, ಪ್ರವಾಹ ಎಲ್ಲ ಅದೇ ಹೊತ್ತಿಗೆ. ಮಕ್ಕಳಿಗೆ ದಸರಾ ರಜೆ ಇರುತ್ತೆ ಅಂತ ಅಕ್ಟೋಬರ್ ಹಿಡಿದುಕೊಂಡಿದ್ದೆವು. ಅದನ್ನು ಕೈಬಿಟ್ಟೆವು. ಡಿಸೆಂಬರ್, ಜನವರಿಯಲ್ಲಿ ಉತ್ತರದಲ್ಲಿ ಚಳಿ. ಜನವರಿ ಕೊನೆಗೋ ಫೆಬ್ರವರಿಗೋ ಟೆಟ್, ಅಂದರೆ ಅವರ ಹೊಸ ವರ್ಷ. ಇಡೀ ದೇಶ ಊರಿಗೆ ಹೊರಡೋ ಕಾಲ. ರೈಲು ಟಿಕೆಟ್ ಸಿಗಲ್ಲ, ಅಂಗಡಿಗಳೂ ಬಾಗಿಲು ಹಾಕಿರುತ್ತವೆ. ಹೀಗೆ ಒಂದೊಂದೇ ತಿಂಗಳು ಹೊಡೆದುಹಾಕುತ್ತಾ ಬಂದರೆ ಉಳಿದಿದ್ದು ಮಾರ್ಚ್ ಮತ್ತು ಏಪ್ರಿಲ್.

ಈಗ ಅಪ್ಪನ ಪ್ರಶ್ನೆಗೆ ಬಂದೆವು. ಅವತ್ತಿನ ನಿಜವಾದ ಖುಷಿ ಶುರುವಾಗಿದ್ದೇ ಇಲ್ಲಿಂದ.

ಉತ್ತರದಲ್ಲಿ, ಹನೋಯ್ ಸುತ್ತಿನ ಕೆಂಪು ನದಿಯ ಬಯಲಿನಲ್ಲಿ, ಫೆಬ್ರವರಿಯಲ್ಲಿ ನಾಟಿ ಮಾಡ್ತಾರೆ. ಕೊಯ್ಲು ಮೇ ಕೊನೆ, ಜೂನ್. ಮಧ್ಯ ಭಾಗದಲ್ಲಿ ಅದಕ್ಕಿಂತ ಮುಂಚೆಯೇ ಬಿತ್ತುತ್ತಾರೆ, ಏಪ್ರಿಲ್ ಕೊನೆ ಹೊತ್ತಿಗೆ ಕೊಯ್ಲು. ದಕ್ಷಿಣದ ಮೆಕಾಂಗ್ ಮುಖಜ ಭೂಮಿಯಲ್ಲಿ ನವೆಂಬರ್, ಡಿಸೆಂಬರ್‌ನಲ್ಲೇ ಬಿತ್ತನೆ ಆಗಿರುತ್ತೆ. ಮಾರ್ಚ್‌ನಲ್ಲಿ ಕೊಯ್ಲು ನಡೀತಾ ಇರುತ್ತೆ. ನಾನು ಓದುತ್ತಾ ಹೋದೆ, ಅಪ್ಪ ಬರೆದುಕೊಂಡರು. ಎಡಗಡೆ ಊರಿನ ಹೆಸರು, ಬಲಗಡೆ ಬೆಳೆ. ಹನೋಯ್ ಎದುರಿಗೆ 'ನಾಟಿ ಆಗಿ ಬೇರು ಹಿಡಿದಿರುತ್ತೆ'. ವಿನ್ ಎದುರಿಗೆ 'ತೆಂಡೆ', ಅಂದರೆ ಬುಡದಿಂದ ಹೊಸ ಕವಲು ಒಡೆಯೋ ಹಂತ. ಹ್ವೆ ಎದುರಿಗೆ 'ಹೊಡೆ', ಅಂದರೆ ತೆನೆ ಇನ್ನೂ ಗರಿಯ ಒಳಗೇ ಇರೋ ಹಂತ. ಕೆಳಗೆ ಕಾನ್ ಥೋ ಎದುರಿಗೆ 'ಕೊಯ್ಲು', ಅದರ ಕೆಳಗೆ ಎರಡು ಗೆರೆ. ಬರೆದು ಮುಗಿಸಿ ಪುಟವನ್ನು ಸ್ವಲ್ಪ ದೂರ ಹಿಡಿದು ನೋಡಿದರು. "ನಾಕು ತಿಂಗಳ ಬೆಳಿ ಒಂದೇ ದಾರಿಯಾಗ ನೋಡಬಹುದಲ್ಲೇ!" ಅಂದರು. ಎಪ್ಪತ್ತು ದಾಟಿದ ಅಪ್ಪನ ಮುಖದಲ್ಲಿ ಅಂಥ ಉತ್ಸಾಹ ನೋಡಿ ಬಹಳ ದಿನ ಆಗಿತ್ತು.

ಮೆಕಾಂಗ್‌ನಲ್ಲಿ ವರ್ಷಕ್ಕೆ ಮೂರು ಬೆಳೆ ತೆಗೀತಾರೆ ಅಂದಾಗ ಮಾತ್ರ ಅಪ್ಪನ ಹುಬ್ಬು ಗಂಟಾಯಿತು. "ನೆಲಕ್ಕ ಉಸಿರು ಬಿಡಾಕ ಟೈಮ್ ಎಲ್ಲೈತಿ?" ಅವರು ಕೇಳಿದ್ದು ನಿಜ. ಮೂರನೇ ಬೆಳೆ ಬೇಕು ಅಂದರೆ ನದಿಯ ಪ್ರವಾಹ ಒಳಗೆ ಬರದ ಹಾಗೆ ಎತ್ತರದ ಏರಿ ಕಟ್ಟಬೇಕು. ಏರಿ ಕಟ್ಟಿದರೆ ಪ್ರವಾಹದ ಜೊತೆ ಬರೋ ಮೆಕ್ಕಲು ಮಣ್ಣೂ ಹೊರಗೇ ಉಳಿಯುತ್ತೆ. ಆಗ ಗೊಬ್ಬರ ಜಾಸ್ತಿ ಹಾಕಬೇಕು. ಈ ಮಾತು ಅಲ್ಲಿನ ಕೃಷಿ ತಜ್ಞರೂ ಹೇಳ್ತಿದ್ದಾರೆ. ಅಲ್ಲಿನ ರೈತರ ಹತ್ತಿರ ಇದನ್ನೇ ಕೇಳಬೇಕಂತೆ ಅಪ್ಪ. ಭಾಷೆ ಬರಲ್ಲ ಅಲ್ವಾ ಅಂದೆ. ಫೋನ್ ಐತಲ್ಲ ಅಂದರು.

ಇನ್ನು ದಾರಿ. ಹನೋಯ್‌ನಿಂದ ಸೈಗಾನ್‌ವರೆಗೆ ರೈಲಿದೆ. 1,726 ಕಿಲೋಮೀಟರ್. ಹೋ ಚಿ ಮಿನ್ ಸಿಟಿ ಅಂತ ಹೆಸರು ಬದಲಾದರೂ ಸ್ಟೇಷನ್ ಇವತ್ತಿಗೂ ಸೈಗಾನ್ ಸ್ಟೇಷನ್ನೇ. ಫ್ರೆಂಚರ ಕಾಲದಲ್ಲಿ ತುಂಡು ತುಂಡಾಗಿ ಹಾಕಿದ ಹಳಿ, ಪೂರ್ತಿ ಕೂಡಿದ್ದು 1936ರಲ್ಲಿ. 1954ರಲ್ಲಿ ದೇಶ ಎರಡಾದಾಗ ಹಳಿಯೂ ಎರಡಾಯಿತು. ಯುದ್ಧ ಮುಗಿದು, ಮುರಿದ ಸೇತುವೆಗಳನ್ನೆಲ್ಲ ಕಟ್ಟಿ, 1976ರ ಡಿಸೆಂಬರ್ 31ರಂದು ಮತ್ತೆ ರೈಲು ಓಡಿತು. ವಿಯೆಟ್ನಾಂ ಯುದ್ಧದ ಸುದ್ದಿಯನ್ನು ಅಪ್ಪ ಚಿಕ್ಕವರಿದ್ದಾಗ ರೇಡಿಯೋದಲ್ಲಿ ಕೇಳಿದವರು. ಅವರನ್ನು ಹಿಡಿದಿದ್ದು ಇನ್ನೊಂದು ವಿಷಯ. ಆ ಲೈನು ಇನ್ನೂ ಮೀಟರ್ ಗೇಜ್! ನಮ್ಮ ಬೆಂಗಳೂರು–ಹುಬ್ಬಳ್ಳಿ ಲೈನೂ ಬ್ರಾಡ್ ಗೇಜ್ ಆಗೋ ಮುಂಚೆ ಹಾಗೇ ಇತ್ತಲ್ಲ. ಹರಿಹರದಿಂದ ದಾವಣಗೆರೆಗೆ ಕಾಲೇಜಿಗೆ ಬರ್ತಿದ್ದ ದಿನಗಳನ್ನು ಅರ್ಧ ಗಂಟೆ ಹೇಳಿದರು. ನಾನೂ ತಡೀಲಿಲ್ಲ.

ಒಂದೇ ಸಮನೆ ಕೂತರೆ ಆ ರೈಲಿಗೆ ಮೂವತ್ತು ಗಂಟೆ ಮೇಲೆ ಬೇಕು. ರಾತ್ರಿ ರೈಲು ಹತ್ತಿದರೆ ಹೋಟೆಲ್ ಖರ್ಚು ಉಳಿಯುತ್ತೆ ಅಂತ ನನ್ನ ಗಂಡ ಹೇಳಿದರು. ಲೆಕ್ಕ ಸರಿಯೇ. ಆದರೆ ರಾತ್ರಿ ಕಿಟಕಿಯಾಚೆ ಗದ್ದೆ ಕಾಣಲ್ಲ. ಹಾಗಾಗಿ ಎಲ್ಲ ಪ್ರಯಾಣ ಹಗಲಲ್ಲೇ. ಹನೋಯ್‌ನಿಂದ ನಿನ್ ಬಿನ್, ಅಲ್ಲಿಂದ ವಿನ್, ಆಮೇಲೆ ಹ್ವೆ. ಈ ಮಧ್ಯೆ ಡಾಂಗ್ ಹೋಯ್ ಅನ್ನೋ ಊರಿನ ಹತ್ತಿರ ದೇಶದ ಅಗಲ ಬರೀ 50 ಕಿಲೋಮೀಟರ್ ಆಸುಪಾಸು. ಅಂದರೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಇರೋ ದೂರಕ್ಕಿಂತ ಕಮ್ಮಿ. ಒಂದು ಕಡೆ ಲಾವೋಸ್ ಗುಡ್ಡ, ಇನ್ನೊಂದು ಕಡೆ ಸಮುದ್ರ. ವಿಮಾನದಲ್ಲಿ ಹೋಗೋರಿಗೆ ಇದು ಗೊತ್ತೇ ಆಗಲ್ಲ. ಹ್ವೆ ಬಿಟ್ಟ ಮೇಲೆ ಹಾಯ್ ವಾನ್ ಘಾಟಿ. ರೈಲು ಗುಡ್ಡದ ಅಂಚಿನಲ್ಲಿ, ಸಮುದ್ರದ ಮೇಲೇ ತಿರುಗುತ್ತಾ ಡಾ ನಾಂಗ್‌ಗೆ ಇಳಿಯುತ್ತೆ. ದಕ್ಷಿಣಕ್ಕೆ ಹೋಗೋವಾಗ ಸಮುದ್ರ ಎಡಗಡೆ. ಸೀಟು ಬುಕ್ ಮಾಡೋವಾಗ ಅದೊಂದು ನೆನಪಿಡಬೇಕು.

ಅಮ್ಮ ಇಷ್ಟೊತ್ತೂ ಅವರೆಕಾಳು ಬಿಡಿಸುತ್ತಾ ಕೇಳ್ತಿದ್ದರು. ಅವರಿಗೆ ಮೀ ಸನ್ ಬಗ್ಗೆ ಹೇಳಿದೆ. ಡಾ ನಾಂಗ್‌ನಿಂದ ಒಳಗೆ, ಗುಡ್ಡಗಳ ನಡುವೆ ಇಟ್ಟಿಗೆಯಲ್ಲಿ ಕಟ್ಟಿದ ಶಿವನ ಗುಡಿಗಳು. ಚಂಪಾ ರಾಜರು ನಾಲ್ಕನೇ ಶತಮಾನದಿಂದ ಹದಿಮೂರನೇ ಶತಮಾನದವರೆಗೆ ಕಟ್ಟಿದ್ದು. ಅಲ್ಲಿ ಸಂಸ್ಕೃತ ಶಾಸನಗಳಿವೆ. 1969ರಲ್ಲಿ ಅಮೆರಿಕದ ಬಾಂಬಿಗೆ ಬಹಳಷ್ಟು ಹಾಳಾಯಿತು. ನಮ್ಮ ಪುರಾತತ್ವ ಇಲಾಖೆಯವರು ಹೋಗಿ ಕೆಲವು ಗುಡಿಗಳನ್ನು ದುರಸ್ತಿ ಮಾಡಿದರು. ಆ ಕೆಲಸದಲ್ಲೇ 2020ರಲ್ಲಿ ಒಂಬತ್ತನೇ ಶತಮಾನದ ಮರಳುಗಲ್ಲಿನ ಶಿವಲಿಂಗ ಸಿಕ್ಕಿತು. ಅದರ ಫೋಟೋ ತೋರಿಸಿದೆ. ಅಮ್ಮ ಕೈ ಒರೆಸಿಕೊಂಡು ಫೋನ್ ಈಸ್ಕೊಂಡರು, ದೊಡ್ಡದು ಮಾಡಿ ನೋಡಿದರು. "ಅಲ್ಲಿ ಒಂದು ದಿನ ಪೂರ್ತಿ ಇರಬೇಕು" ಅಂದರು. ಹಾ ಲಾಂಗ್ ಹಡಗು ಆ ಕ್ಷಣಕ್ಕೆ ಪಟ್ಟಿಯಿಂದ ಹೋಯಿತು. ಆ ಕೊಲ್ಲಿ ಚೆನ್ನಾಗಿಲ್ಲ ಅಂತಲ್ಲ. ಉದ್ದನೆಯ ದೇಶವನ್ನು ನೆಲದ ಮೇಲೆ ನೋಡಬೇಕು ಅಂದರೆ ಅಕ್ಕಪಕ್ಕದ್ದು ಕೆಲವನ್ನು ಬಿಡಲೇಬೇಕು.

ಅಮ್ಮನ ಊಟದ್ದೇ ಸ್ವಲ್ಪ ಯೋಚನೆ. ಅಲ್ಲಿ ಸೊಪ್ಪು ಹುರಿದರೂ ಮೀನಿನ ಸಾರ ಹಾಕ್ತಾರೆ. ಆದರೆ ಅಲ್ಲಿನ ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ ಮೀನು ಮುಟ್ಟಲ್ಲ. ಅವರಿಗಾಗಿಯೇ 'ಚಾಯ್', ಅಂದರೆ ಸಸ್ಯಾಹಾರ, ಅಂತ ಬೋರ್ಡ್ ಇರೋ ಹೋಟೆಲ್‌ಗಳು ದೊಡ್ಡ ಊರುಗಳಲ್ಲೆಲ್ಲ ಇವೆ. ಹ್ವೆಯಲ್ಲಂತೂ ಜಾಸ್ತಿ. ರೈಲಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ ಕಟ್ಟಿಕೊಳ್ತೀವಿ. ಮಂಡಕ್ಕಿ ಹಗುರ, ಬ್ಯಾಗಿನ ತೂಕಕ್ಕೂ ಒಳ್ಳೇದು.

ಸೈಗಾನ್‌ಗೆ ಹಳಿ ಮುಗಿಯುತ್ತೆ. ಮೆಕಾಂಗ್ ಕಡೆಗೆ ರೈಲಿಲ್ಲ. ಅಲ್ಲಿಂದ ಕಾನ್ ಥೋಗೆ ಬಸ್ಸು. ಮಾರ್ಚ್ 20ರ ಒಳಗೆ ಅಲ್ಲಿರಬೇಕು ಅಂತ ಅಪ್ಪನ ಹಟ, ತಡ ಆದರೆ ಕೊಯ್ಲು ಮುಗಿದ ಗದ್ದೆ ನೋಡಬೇಕಾಗುತ್ತೆ. ದಕ್ಷಿಣದಿಂದಲೇ ಶುರು ಮಾಡಿದರೆ ಆ ಗಡಿಬಿಡಿ ಇರಲ್ಲ ಅಂದೆ. ಒಪ್ಪಲಿಲ್ಲ. ಮೊದಲು ನಾಟಿ, ಆಮೇಲೆ ಕೊಯ್ಲು. ಹಾಗಾಗಿ ಮಾರ್ಚ್ ಮೊದಲ ವಾರವೇ ಹೊರಡೋದು. ಹನೋಯ್‌ಗೆ ವಿಮಾನ, ವಾಪಸ್ ಹೋ ಚಿ ಮಿನ್ ಸಿಟಿಯಿಂದ. ಇ-ವೀಸಾ 90 ದಿನದವರೆಗೂ ಸಿಗುತ್ತೆ, ಒಂದು ಸಲ ಒಳಗೆ ಹೋಗೋದಕ್ಕೆ 25 ಡಾಲರ್. ಅರ್ಜಿಯಲ್ಲಿ ಒಳಗೆ ಹೋಗೋ ಜಾಗ, ಹೊರಗೆ ಬರೋ ಜಾಗ ಎರಡನ್ನೂ ತುಂಬಬೇಕು.

ಬಟ್ಟೆ ಎರಡು ಥರ ಬೇಕು. ಹನೋಯ್‌ನಲ್ಲಿ ಆಗ ಜಿಟಿಜಿಟಿ ಮಳೆ, ತೆಳು ಸ್ವೆಟರ್ ಬೇಕಾಗುತ್ತೆ. ಸೈಗಾನ್‌ನಲ್ಲಿ ನಮ್ಮ ದಾವಣಗೆರೆಯ ಬಿಸಿಲೇ.

ಉಳಿದಿದ್ದು ನಮ್ಮ ಗದ್ದೆ. ಈ ಸಲ ಬೇಸಿಗೆ ಬೆಳೆಗೆ ನೀರು ಬಿಟ್ಟರೆ ಮಾರ್ಚ್‌ನಲ್ಲಿ ಸರದಿ ಪ್ರಕಾರ ನಾಲೆ ನೀರು ಬರುತ್ತೆ. ಕೊನೆ ಭಾಗದವರು ಎದ್ದು ಕಾಯದಿದ್ದರೆ ಆ ನೀರು ಗದ್ದೆ ಮುಟ್ಟಲ್ಲ. ಅಪ್ಪ ಅವತ್ತು ಸಂಜೆಯೇ ಚಿಕ್ಕಪ್ಪನಿಗೆ ಫೋನ್ ಮಾಡಿದರು. ಯಾವ ತೂಬು, ಯಾವ ರಾತ್ರಿ, ಯಾರನ್ನು ಜೊತೆಗೆ ಕರ್ಕೊಂಡು ಹೋಗಬೇಕು ಅಂತ ಎಲ್ಲ ಹೇಳಿದರು. ಚಿಕ್ಕಪ್ಪ ಒಪ್ಪಿಕೊಂಡಿದ್ದಾರೆ. ಅಲ್ಲಿ ಯಾವ ತಳಿ ಹಾಕ್ತಾರೆ, ಎಕರೆಗೆ ಎಷ್ಟು ಚೀಲ ಬರುತ್ತೆ, ಎಲ್ಲ ಬರ್ಕೊಂಡು ಬರಬೇಕು ಅಂತ ಅವರದೂ ಒಂದು ಷರತ್ತು.