ಕುಂಬಳೆಯ ಹಳೆಯ ಬಂದರಿನ ದಾರಿಯಲ್ಲಿ

ಕಾಸರಗೋಡಿನ ಉತ್ತರಕ್ಕಿರುವ ಕುಂಬಳೆಯನ್ನು ಅಲ್ಲಿಯೇ ಹುಟ್ಟಿ ಬೆಳೆದ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಜೊತೆ ನಡೆದು ನೋಡುವ ಭಾಗ್ಯ ಈಚೆಗೆ ಒದಗಿತು. ಹೆದ್ದಾರಿಯಲ್ಲಿ ಸಾಗುವವರ ಕಣ್ಣಿಗೆ ಸಾಮಾನ್ಯ ಪೇಟೆಯಂತೆ ತೋರುವ ಈ ಊರು ಒಂದು ಕಾಲದಲ್ಲಿ ಕುಂಬಳೆ ಅರಸರ ರಾಜಧಾನಿಯೂ ಕಡಲ ವ್ಯಾಪಾರದ ನೆಲೆಯೂ ಆಗಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡುಆರ್ಟೆ ಬಾರ್ಬೋಸಾ, ಇಲ್ಲಿಂದ ಮಾಲ್ದೀವ್ಸ್‌ಗೆ ಅಕ್ಕಿ ಹೋಗಿ ಬದಲಿಗೆ ತೆಂಗಿನ ನಾರು ಬರುತ್ತಿದ್ದುದನ್ನು ದಾಖಲಿಸಿದ್ದಾನೆ. ಅಳಿವೆಯ ಬಳಿ ನಿಂತು ಅಧ್ಯಾಪಕರು ಇದನ್ನು ವಿವರಿಸಿದಾಗ, ಒಳನಾಡಿನ ಗದ್ದೆಗಳಿಗೂ ದೂರದ ದ್ವೀಪಗಳಿಗೂ ಇದ್ದ ನಂಟು ನನಗೆ ಸ್ಪಷ್ಟವಾಯಿತು. ತೆಂಗು ತುಂಬಿದ ನಾಡು ನಾರನ್ನು ಹೊರಗಿನಿಂದ ತರಿಸುತ್ತಿತ್ತೆಂಬುದು ಈಗಲೂ ಬೆರಗು ಹುಟ್ಟಿಸುತ್ತದೆ.

ಆರಿಕ್ಕಾಡಿಯ ಕೆಂಪುಕಲ್ಲಿನ ಕೋಟೆಯನ್ನು ಬೇಗನೆ ನೋಡಿ ಮುಗಿಸಿದೆವು. ಕಣಿಪುರದ ಗೋಪಾಲಕೃಷ್ಣ ದೇವಸ್ಥಾನದಲ್ಲಿ ಮಾತ್ರ ಅವರು ಬಹಳ ಹೊತ್ತು ನಿಂತು, ಇದೇ ಊರಿನ ಯಕ್ಷಗಾನ ಕವಿ ಪಾರ್ತಿಸುಬ್ಬನ ಬಗ್ಗೆ ತುಂಬು ಅಭಿಮಾನದಿಂದ ಮಾತನಾಡಿದರು. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದ ಇತಿಹಾಸವನ್ನು ಕನ್ನಡದಲ್ಲೇ ಹೇಳಬಲ್ಲ ಇಂಥವರ ಮಾತುಗಳನ್ನು ಧ್ವನಿಮುದ್ರಿಸಿ ಉಳಿಸುವ ಕೆಲಸ ತಡಮಾಡದೆ ಆಗಬೇಕೆಂದು ನಾನು ಒತ್ತಿ ಹೇಳುತ್ತೇನೆ.